‘ರಿಯರ್ ವಿಂಡೋ’ ಮತ್ತೆ ನೋಡಿದೆ: ಜೆಫ್‌ಗೆ ಲೀಸಾ ಮೇಲೆ ಪ್ರೀತಿ ಇತ್ತಾ?

ತೋಟದಮನೆ

ಆಶ್ಲೇಷ ಮಳೆ ಹಿಡಿದ ಎರಡನೇ ದಿನ ಕೊಟ್ಟಿಗೆ ದಾರಿಯಲ್ಲಿ ಹಾಸಿದ್ದ ಅಡಿಕೆ ದಬ್ಬೆ ಮೇಲೆ ಕಾಲು ಜಾರಿ ಬಿದ್ದೆ. ಎಡಗಾಲಿನ ಮೂಳೆ ಮುರಿದಿದೆ. ಆರು ವಾರ ಪ್ಲಾಸ್ಟರ್. ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಸೋದನ್ನೂ ಹೆಂಡತಿಯೇ ನಿಂತು ಮಾಡಿಸಿದಳು. ನಾನು ಜಗಲಿ ಕಿಟಕಿ ಪಕ್ಕ ಕಾಲು ಚಾಚಿಕೊಂಡು ಕೂತಿದ್ದೇನೆ. ನಮ್ಮದು ಒಂಟಿ ಮನೆ. ಕಿಟಕಿಯಿಂದ ನೋಡಿದರೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ, ಅದರ ಮೇಲೆ ಮಂಜು. ನೋಡೋಕೆ ಒಬ್ಬ ಮನುಷ್ಯನೂ ಇಲ್ಲ.

ಬೆಂಗಳೂರಿನಿಂದ ಬಂದಿದ್ದ ಮಗ ಲ್ಯಾಪ್‌ಟಾಪಿನಲ್ಲಿ ‘ರಿಯರ್ ವಿಂಡೋ’ ಹಾಕಿಕೊಟ್ಟು ಹೋದ. ಹಿಚ್‌ಕಾಕ್ ಸಿನಿಮಾ, 1954ರದ್ದು. ಕಾಲೇಜಿನಲ್ಲಿದ್ದಾಗ ಕ್ಯಾಸೆಟ್ ತಂದು ಒಮ್ಮೆ ನೋಡಿದ್ದೆ. ಆಗ ತಲೆಯಲ್ಲಿ ಉಳಿದದ್ದು ಕೊಲೆ ಮಾತ್ರ. ಈಗ ಹತ್ತು ದಿನದಲ್ಲಿ ಮೂರು ಸಲ ನೋಡಿದೆ. ಮೂರನೇ ಸಲ ನೋಡುವಾಗ ಕೊಲೆ ಹಿಂದಕ್ಕೆ ಸರಿದು ಬೇರೆಯದೇ ಒಂದು ಕಥೆ ಮುಂದೆ ಬಂತು. ಅದನ್ನು ನಿಮ್ಮ ಹತ್ತಿರ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಸಿನಿಮಾ ನೋಡದೇ ಇದ್ದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಜೆಫ್ ಪತ್ರಿಕೆಗೆ ಫೋಟೋ ತೆಗೆಯುವವನು (ಜೇಮ್ಸ್ ಸ್ಟೂವರ್ಟ್). ಕಾರ್ ರೇಸಿನ ಫೋಟೋ ತೆಗೆಯಲು ಹೋಗಿ ಕಾಲು ಮುರಿದುಕೊಂಡಿದ್ದಾನೆ. ನ್ಯೂಯಾರ್ಕಿನ ಬೇಸಿಗೆ, ಎಲ್ಲರ ಮನೆ ಕಿಟಕಿ ತೆಗೆದೇ ಇರುತ್ತದೆ. ಇವನು ಗಾಲಿ ಕುರ್ಚಿಯಲ್ಲಿ ಕೂತು ಎದುರಿನ ಮನೆಗಳನ್ನು ನೋಡುತ್ತಾನೆ. ಎದುರುಮನೆಯ ಥಾರ್ವಾಲ್ಡ್ ಕಾಯಿಲೆ ಹೆಂಡತಿಯನ್ನು ಕೊಂದಿದ್ದಾನೆ ಅಂತ ಅನುಮಾನ ಬರುತ್ತದೆ. ದಿನಾ ಸಂಜೆ ಇವನನ್ನು ನೋಡಲು ಲೀಸಾ ಬರುತ್ತಾಳೆ (ಗ್ರೇಸ್ ಕೆಲ್ಲಿ). ಅವಳಿಗೆ ಮದುವೆ ಆಗುವ ಆಸೆ. ಇವನಿಗೆ ಬೇಡ.

ಲೀಸಾ ವಿಷಯವನ್ನು ಎಲ್ಲರೂ ಉಪಕಥೆ ಅಂತಾರೆ. ನನಗೆ ಈಗ ಅದೇ ಮುಖ್ಯ ಕಥೆ ಅನಿಸುತ್ತಿದೆ. ಮದುವೆ ಆಗಬೇಕೋ ಬೇಡವೋ ಅಂತ ಒಬ್ಬ ಕೂತು ಯೋಚಿಸುತ್ತಾನೆ. ಎದುರಿನ ಒಂದೊಂದು ಕಿಟಕಿಯೂ ಅವನಿಗೆ ಒಂದೊಂದು ಉತ್ತರ ತೋರಿಸುತ್ತದೆ. ಅದರಲ್ಲಿ ಒಂದು ಉತ್ತರ ಕೊಲೆ.

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿದಿಲ್ಲ. ಅವನಿಗೆ ಅವಳ ಮೇಲೆ ನಿಜವಾಗಿ ಪ್ರೀತಿ ಇತ್ತಾ? ಅಥವಾ ಅವಳು ಎದುರಿನ ಕಿಟಕಿಯೊಳಗೆ ಹೋಗಿ ನಿಂತ ಮೇಲಷ್ಟೇ ಅವನ ಕಣ್ಣಿಗೆ ಬಿದ್ದಳಾ?

ಕೆಂಪಡಿಕೆ

ಅಣ್ಣ, ಕಾಲು ಬೇಗ ವಾಸಿಯಾಗಲಿ. ಮಳೆಗಾಲದಲ್ಲಿ ದಬ್ಬೆ ಮೇಲೆ ಸ್ವಲ್ಪ ಮರಳು ಹಾಕಿಸಿ, ಜಾರಲ್ಲ.

ಸಿನಿಮಾ ಬಗ್ಗೆ ನಿಮ್ಮ ಮಾತು ಒಪ್ಪಲ್ಲ. ನನಗೆ ಲೀಸಾ ಬರುವ ಸೀನ್‌ಗಳೇ ಕಷ್ಟ. ಮೊದಲ ಅರ್ಧ ಗಂಟೆ ಏನೂ ನಡೆಯಲ್ಲ. ಅವಳು ಬರ್ತಾಳೆ, ಊಟ ತರಿಸ್ತಾಳೆ, ಇಬ್ಬರೂ ಜಗಳ ಆಡ್ತಾರೆ, ಹೋಗ್ತಾಳೆ. ನಾನು ಓಡಿಸಿಕೊಂಡೇ ನೋಡಿದ್ದು. ಅಸಲಿ ಸಿನಿಮಾ ಶುರುವಾಗೋದು ಆ ಮಳೆ ರಾತ್ರಿಯಿಂದ. ಥಾರ್ವಾಲ್ಡ್ ನಡುರಾತ್ರಿ ಪೆಟ್ಟಿಗೆ ಹಿಡಿದು ಹೊರಗೆ ಹೋಗ್ತಾನೆ, ಬರ್ತಾನೆ, ಮತ್ತೆ ಹೋಗ್ತಾನೆ. ಒಂದು ಮಾತಿಲ್ಲ. ಆ ಹತ್ತು ನಿಮಿಷಕ್ಕೆ ಸಮ ಇನ್ನೊಂದಿಲ್ಲ. ಪ್ರೀತಿ ಗೀತಿ ತೆಗೆದು ಹಾಕಿದ್ದರೆ ಇನ್ನೂ ಬಿಗಿಯಾಗಿರ್ತಿತ್ತು.

ಸಾಗರದ ಮೇಷ್ಟ್ರು

ಕೆಂಪಡಿಕೆಯವರೇ, ನೀವು ಕೇಳಿದ ‘ಪ್ರೀತಿ ತೆಗೆದು ಹಾಕಿದ’ ಕಥೆ ಈಗಾಗಲೇ ಇದೆ. ಸಿನಿಮಾಕ್ಕೆ ಮೂಲ ಕಾರ್ನೆಲ್ ವೂಲ್ರಿಚ್ 1942ರಲ್ಲಿ ಬರೆದ ಸಣ್ಣಕಥೆ. ಅದರಲ್ಲಿ ಕಿಟಕಿ ಇದೆ, ಕೊಲೆ ಇದೆ, ಕದಲಲಾಗದೆ ಕೂತ ಗಂಡಸು ಇದ್ದಾನೆ, ಮನೆ ಕೆಲಸಕ್ಕೆ ಸ್ಯಾಮ್ ಅನ್ನುವ ಆಳು ಇದ್ದಾನೆ. ಪ್ರೇಯಸಿ ಇಲ್ಲ. ಅವನ ಕಾಲಿಗೆ ಪ್ಲಾಸ್ಟರ್ ಹಾಕಿದೆ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಚೆನ್ನಾಗಿದೆ, ಬಿಗಿಯಾಗಿದೆ. ಓದಿ ಮುಗಿಸಿದ ಮೇಲೆ ಮಾತ್ರ ಮನಸ್ಸಿನಲ್ಲಿ ಏನೂ ಕೂರುವುದಿಲ್ಲ.

ಲೀಸಾಳನ್ನು ಕಥೆಯೊಳಗೆ ತಂದದ್ದು ಸಿನಿಮಾ ಬರೆದ ಜಾನ್ ಮೈಕೆಲ್ ಹೇಸ್ ಮತ್ತು ಹಿಚ್‌ಕಾಕ್. ಅಂದರೆ ಅವರು ಬೇಕೂಂತಲೇ ಕೂರಿಸಿದ ಪಾತ್ರ ಅದು. ಮೂಲದಲ್ಲಿ ಇಲ್ಲದ್ದನ್ನು ತಂದು ಸಿನಿಮಾದ ಅರ್ಧ ಭಾಗ ಅದಕ್ಕೇ ಕೊಟ್ಟಿದ್ದಾರೆ ಅಂದರೆ ಅದನ್ನು ಓಡಿಸಿಕೊಂಡು ನೋಡುವುದು ಸರಿಯಲ್ಲ ಅಲ್ವಾ?

ತೋಟದಮನೆಯವರು ಕಿಟಕಿಗಳ ಬಗ್ಗೆ ಹೇಳಿದ್ದು ಸರಿಯಾಗಿದೆ. ಒಂದು ಕಿಟಕಿಯಲ್ಲಿ ಹೊಸ ಮದುಮಕ್ಕಳು, ಪರದೆ ಎಳೆದರೆ ಮತ್ತೆ ತೆಗೆಯುವುದಿಲ್ಲ. ಒಂದರಲ್ಲಿ ನಾಯಿ ಸಾಕಿಕೊಂಡ ಗಂಡ ಹೆಂಡತಿ, ಮಕ್ಕಳಿಲ್ಲ. ಒಂದರಲ್ಲಿ ಕುಣಿಯುವ ಹುಡುಗಿ, ಸುತ್ತ ಗಂಡಸರು. ಒಂದರಲ್ಲಿ ಹಾಡು ಕಟ್ಟಲು ಒದ್ದಾಡುವ ಒಬ್ಬಂಟಿ. ಇನ್ನೊಂದರಲ್ಲಿ ಜೆಫ್ ‘ಮಿಸ್ ಲೋನ್ಲಿಹಾರ್ಟ್’ ಅಂತ ಹೆಸರಿಟ್ಟ ಹೆಂಗಸು.

ಆ ಹೆಂಗಸಿನ ಒಂದು ದೃಶ್ಯ ನನಗೆ ಮರೆಯಲು ಆಗುವುದಿಲ್ಲ. ಇಬ್ಬರಿಗೆ ಊಟದ ಮೇಜು ಸಿದ್ಧ ಮಾಡುತ್ತಾಳೆ. ಮೇಣದ ಬತ್ತಿ ಹಚ್ಚುತ್ತಾಳೆ. ಬಾಗಿಲು ತೆಗೆದು ಯಾರನ್ನೋ ಒಳಗೆ ಕರೆಯುತ್ತಾಳೆ. ಅಲ್ಲಿ ಯಾರೂ ಇಲ್ಲ. ಖಾಲಿ ಕುರ್ಚಿಗೆ ಗ್ಲಾಸ್ ಎತ್ತಿ ತೋರಿಸುತ್ತಾಳೆ. ಇಲ್ಲಿ ಜೆಫ್ ಕೂಡ ತನ್ನ ಗ್ಲಾಸ್ ಎತ್ತುತ್ತಾನೆ. ಅವಳಿಗೆ ಅದು ಕಾಣಿಸುವುದಿಲ್ಲ. ಆ ಹೊತ್ತಿಗೆ ಅವನ ಬೆನ್ನ ಹಿಂದೆಯೇ, ಅದೇ ಕೋಣೆಯಲ್ಲಿ, ಲೀಸಾ ಇವನಿಗೋಸ್ಕರ ಊಟ ಸಿದ್ಧ ಮಾಡುತ್ತಿದ್ದಾಳೆ! ದೂರದ ಒಂಟಿ ಹೆಂಗಸಿನ ದುಃಖ ಅರ್ಥವಾಗುವವನಿಗೆ ಪಕ್ಕದಲ್ಲಿ ಇರುವವಳು ಕಾಣಿಸುವುದಿಲ್ಲ.

ಹೊಸನಗರದ ಸೊಸೆ

ಮೇಷ್ಟ್ರೇ, ಕೊನೆಯ ಸಾಲು ಓದಿ ಕಣ್ಣು ತುಂಬಿತು.

ನಾನು ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ಹುಟ್ಟಿ ಬೆಳೆದವಳು. ಮದುವೆಯಾಗಿ 22 ವರ್ಷದ ಹಿಂದೆ ಹೊಸನಗರ ಕಡೆಯ ಒಂದು ಮನೆಗೆ ಬಂದೆ. ಬಸ್ಸಿಳಿದು ಒಂದೂವರೆ ಮೈಲಿ ನಡೆಯಬೇಕಿತ್ತು. ಹೆಣ್ಣು ನೋಡಲು ಬಂದ ದಿನ ನನ್ನ ಮಾವನವರು ಎಲ್ಲರೆದುರು ಹೇಳಿದ್ದರು, ‘ಪೇಟೆ ಹುಡುಗಿ, ನಮ್ಮ ಮನೇಲಿ ಇವಳ ಕೈಲಿ ಆಗಲ್ಲ’ ಅಂತ. ನನ್ನನ್ನು ಯಾರೂ ಕೇಳಲಿಲ್ಲ. ಆಗುತ್ತೋ ಇಲ್ವೋ ಅಂತ ಹೇಳಬೇಕಾದವಳು ನಾನು ತಾನೇ?

ಜೆಫ್ ಮಾಡುವುದೂ ಅದೇ. ನನ್ನ ಬದುಕು ಜೀಪು, ಕಾಡು, ಮಳೆ, ಮೀನಿನ ತಲೆ, ಅನ್ನ, ಇದೆಲ್ಲ ನಿನಗೆ ಆಗಲ್ಲ ಅಂತ ಅವನೇ ತೀರ್ಪು ಕೊಡುತ್ತಾನೆ. ಇಡೀ ಜಗಳದಲ್ಲಿ ಒಂದು ಸಲವೂ ‘ನಿನಗೆ ಹೇಗನಿಸುತ್ತೆ’ ಅಂತ ಕೇಳುವುದಿಲ್ಲ. ಅವಳು ನೀನು ಇಲ್ಲೇ ಊರಲ್ಲಿ ಕೆಲಸ ಮಾಡಬಹುದಲ್ಲ ಅಂದರೆ ಅದೂ ಬೇಡ. ನಾನೇ ನಿನ್ನ ಜೊತೆ ಬರ್ತೀನಿ ಅಂದರೆ ಅದೂ ಬೇಡ. ಈಗ ಹೇಗಿದೆಯೋ ಹಾಗೇ ಇರಲಿ, ಅಷ್ಟೇ ಅವನಿಗೆ ಬೇಕು.

ಆ ಜಗಳದ ಕೊನೆ ಗಮನಿಸಿ ನೋಡಿ. ಅವಳು ಹೊರಟು ಬಾಗಿಲ ಹತ್ತಿರ ಹೋಗಿದ್ದಾಳೆ. ಮತ್ತೆ ಯಾವಾಗ ಬರ್ತೀಯ ಅಂತ ಕೇಳುತ್ತಾನೆ. ಬಹಳ ದಿನ ಬರಲ್ಲ ಅಂತಾಳೆ. ಒಂದು ಕ್ಷಣ ಸುಮ್ಮನಿದ್ದು, ಕಡೇ ಪಕ್ಷ ನಾಳೆ ರಾತ್ರಿವರೆಗೂ ಬರಲ್ಲ ಅಂತ ಹೇಳಿ ಹೋಗುತ್ತಾಳೆ. ಅಷ್ಟು ನೋವಾಗಿದ್ದರೂ ನಾಳೆ ಬಂದೇ ಬರ್ತಾಳೆ. ಅದು ಅವನಿಗೂ ಗೊತ್ತು. ಅದಕ್ಕೇ ನನಗೆ ಅವನ ಮೇಲೆ ಸಿಟ್ಟು.

ಹಾಗಾಗಿ ತೋಟದಮನೆ ಅಣ್ಣನ ಪ್ರಶ್ನೆಗೆ ನನ್ನ ಉತ್ತರ: ಅರ್ಧ ಸಿನಿಮಾದವರೆಗೆ ಅವನಿಗೆ ಪ್ರೀತಿ ಇಲ್ಲ. ಅವಳು ದಿನಾ ಬರುವುದು ಅಭ್ಯಾಸವಾಗಿದೆ, ಅಷ್ಟೇ.

ಆಗುಂಬೆ ಮಂಜು

ಒಂದು ವಿಷಯ ಯಾರೂ ಹೇಳಲಿಲ್ಲ. ಸ್ಟೂವರ್ಟ್ ಹುಟ್ಟಿದ್ದು 1908, ಕೆಲ್ಲಿ 1929. ಇಪ್ಪತ್ತೊಂದು ವರ್ಷ ಅಂತರ. ಆ ವಯಸ್ಸಿನ ಗಂಡಸು ಅಂಥ ಹುಡುಗಿಯನ್ನು ಬೇಡ ಅನ್ನೋದು ನನಗೆ ನಂಬೋಕೇ ಆಗಲಿಲ್ಲ.

ಹೊಸನಗರದ ಸೊಸೆ

ಆಗುಂಬೆ ಮಂಜು ಅವರೇ, ನಂಬೋಕಾಗದೆ ಇರುವುದೇ ಸರಿ. ನರ್ಸ್ ಸ್ಟೆಲ್ಲಾಗೂ ಅದೇ ಆಶ್ಚರ್ಯ. ನೇರವಾಗಿ ಬೈಯುತ್ತಾಳೆ ಅವನಿಗೆ. ತನ್ನ ಮದುವೆ ಬಗ್ಗೆಯೂ ಹೇಳುತ್ತಾಳೆ: ಗಂಡ ಹೆಂಡತಿ ಇಬ್ಬರಿಗೂ ಯಾವುದರಲ್ಲೂ ಹೊಂದಾಣಿಕೆ ಇರಲಿಲ್ಲ, ಆದರೂ ಇವತ್ತಿನವರೆಗೂ ಪ್ರೀತಿಯಿಂದ ಇದ್ದೀವಿ ಅಂತ. ಇಷ್ಟೊಂದು ಯೋಚನೆ ಯಾಕೆ ಅನ್ನುವುದು ಅವಳ ವಾದ. ನಮ್ಮ ಅತ್ತೆ ಮಾತಾಡಿದ ಹಾಗೇ ಇದೆ!

ಕ್ಯಾಮೆರಾ ಕಣ್ಣು

ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯೋದು ನನ್ನ ಕೆಲಸ. ಹಾಗಾಗಿ ಈ ಸಿನಿಮಾವನ್ನು ನಾನು ನೋಡೋದೇ ಬೇರೆ ರೀತಿ. ಎರಡು ಮೂರು ವಿಷಯ ಹೇಳುತ್ತೇನೆ.

ಮೊದಲನೆಯದು, ಶುರುವಿನಲ್ಲಿ ಕ್ಯಾಮೆರಾ ಜೆಫ್ ಕೋಣೆಯಲ್ಲೆಲ್ಲ ಓಡಾಡುತ್ತದಲ್ಲ, ಅದನ್ನು ನಿಧಾನವಾಗಿ ನೋಡಿ. ಒಡೆದ ಕ್ಯಾಮೆರಾ ಇದೆ. ಗೋಡೆ ಮೇಲೆ ಅಪಘಾತ, ಬೆಂಕಿ, ಸ್ಫೋಟದ ಫೋಟೋಗಳಿವೆ. ಕಡೆಗೆ ಒಂದು ಹೆಣ್ಣಿನ ಮುಖ ಬರುತ್ತದೆ. ಅದು ಫೋಟೋ ಅಲ್ಲ, ನೆಗೆಟಿವ್. ನೆಗೆಟಿವನ್ನೇ ಫ್ರೇಮ್ ಹಾಕಿಸಿ ಇಟ್ಟಿದ್ದಾನೆ. ಪಕ್ಕದಲ್ಲಿ ಅದೇ ಮುಖ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿದೆ. ರೀಲ್ ಕಾಲದಲ್ಲಿ ಕೆಲಸ ಕಲಿತವನು ನಾನು. ನೆಗೆಟಿವಿನಲ್ಲಿ ಬಿಳಿ ಕಪ್ಪಾಗಿರುತ್ತೆ, ಕಪ್ಪು ಬಿಳಿಯಾಗಿರುತ್ತೆ. ಹೆಣ್ಣಿನ ಮುಖವನ್ನು ಹಾಗೆ ಉಲ್ಟಾ ಇಟ್ಟು ದಿನಾ ನೋಡುವವನು ಎಂಥವನು ಅಂತ ಒಂದೂ ಮಾತಿಲ್ಲದೆ ಹೇಳಿಬಿಟ್ಟಿದ್ದಾರೆ.

ಎರಡನೆಯದು, ಕೊಲೆ ಅನುಮಾನ ಬಂದ ಮೇಲೆ ಅವನು ದೊಡ್ಡ ಲೆನ್ಸ್ ಹಾಕಿಕೊಂಡು ಗಂಟೆಗಟ್ಟಲೆ ನೋಡುತ್ತಾನೆ, ಒಂದು ಫೋಟೋನೂ ಕ್ಲಿಕ್ ಮಾಡಲ್ಲ. ಕ್ಯಾಮೆರಾ ಅವನಿಗೆ ಕೆಲಸದ ಸಾಮಾನು ಆಗಿ ಉಳಿದಿಲ್ಲ. ಮರೆಗೆ ನಿಲ್ಲೋಕೆ ಒಂದು ಗೋಡೆ ಆಗಿದೆ. ನಮ್ಮ ಕೆಲಸದಲ್ಲಿ ಇದು ಆಗುತ್ತೆ. ಮಂಟಪದಲ್ಲಿ ಹೆಣ್ಣು ಒಪ್ಪಿಸಿ ಕೊಡುವಾಗ ಎಲ್ಲರೂ ಅಳ್ತಿರ್ತಾರೆ. ಲೆನ್ಸ್ ಹಿಂದೆ ಇರುವವರೆಗೆ ನಮಗೆ ಏನೂ ಆಗಲ್ಲ. ಕ್ಯಾಮೆರಾ ಕೆಳಗಿಟ್ಟ ಕೂಡಲೇ ಗಂಟಲು ಕಟ್ಟುತ್ತೆ. ನನ್ನ ತಂಗಿ ಮದುವೆಗೆ ನಾನು ಕ್ಯಾಮೆರಾ ಮುಟ್ಟಲಿಲ್ಲ.

ಮೂರನೆಯದೇ ಮುಖ್ಯ. ‘ಕಿಟಕಿಯೊಳಗೆ ಹೋಗಿ ನಿಂತ ಮೇಲಷ್ಟೇ ಅವಳು ಕಣ್ಣಿಗೆ ಬಿದ್ದಳಾ’ ಅಂತ ತೋಟದಮನೆ ಅಣ್ಣ ಕೇಳಿದ್ದಾರೆ. ಇಲ್ಲ ಅಣ್ಣ. ಅದಕ್ಕಿಂತ ಮೊದಲು ಒಂದು ಶಾಟ್ ಇದೆ. ಲೀಸಾ ಥಾರ್ವಾಲ್ಡ್ ಮನೆ ಬಾಗಿಲ ಕೆಳಗೆ ಚೀಟಿ ತೂರಿಸಿ, ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿ, ಓಡಿ ವಾಪಸ್ ಬರುತ್ತಾಳೆ. ಏದುಸಿರು ಬಿಡುತ್ತಾ ಖುಷಿಯಿಂದ ಮಾತಾಡುತ್ತಾಳೆ. ಆಗ ಜೆಫ್ ಮುಖ ನೋಡಿ. ಕೈಯಲ್ಲಿ ದುರ್ಬೀನು ಇಲ್ಲ, ಲೆನ್ಸ್ ಇಲ್ಲ. ಬರೀ ಕಣ್ಣಲ್ಲಿ ಅವಳನ್ನು ನೋಡುತ್ತಾನೆ, ಮೊದಲ ಸಲ ನೋಡಿದ ಹಾಗೆ. ಆ ನೋಟವನ್ನು ನಾನು ಮದುವೆ ಮನೆಗಳಲ್ಲಿ ನೋಡಿದ್ದೇನೆ. ಅಂತರಪಟ ಸರಿಸಿದಾಗ ಕೆಲವು ಹುಡುಗರ ಮುಖದಲ್ಲಿ ಬರುತ್ತೆ. ಎಲ್ಲರ ಮುಖದಲ್ಲೂ ಬರಲ್ಲ.

ತೋಟದಮನೆ

ಕ್ಯಾಮೆರಾ ಕಣ್ಣು, ನಿಮಗೆ ದೊಡ್ಡ ನಮಸ್ಕಾರ. ಓದಿದ ತಕ್ಷಣ ಆ ಶಾಟ್ ಮತ್ತೆ ಹಾಕಿ ನೋಡಿದೆ. ನೀವು ಹೇಳಿದ್ದು ಖಂಡಿತ ಅಲ್ಲಿದೆ. ಮೂರು ಸಲ ನೋಡಿದರೂ ನನಗೆ ಕಂಡಿರಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕತ್ತಿ ಕೆಳಗಿಟ್ಟು ಬಂದು ನೋಡಿ, ‘ಇದಕ್ಕೆ ಅಷ್ಟು ಹೊತ್ತು ಬೇಕಾಯ್ತಾ ಅವನಿಗೆ’ ಅಂದಳು.

ಕುಪ್ಪಳಿ ದಾರಿ

ನಾನು ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರಲ್ಲಿ ಕೆಲಸ. ನನ್ನ ಸಂಕಟ ಬೇರೆ.

ಅಕ್ಕ ಹೇಳಿದ ಹಾಗೆ ಜೆಫ್ ಅವಳನ್ನು ಕೇಳಲಿಲ್ಲ, ಸರಿ. ಆದರೆ ಅವನ ಮನಸ್ಸು ಬದಲಾಗೋಕೆ ಅವಳು ಏನು ಮಾಡಬೇಕಾಯ್ತು? ಹೀಲ್ಸ್ ಹಾಕಿಕೊಂಡು ಗೋಡೆ ಹತ್ತಿ, ಕೊಲೆಗಾರನ ಮನೆಗೆ ನುಗ್ಗಿ, ಅವನ ಕೈಗೆ ಸಿಕ್ಕಿ ಒದ್ದಾಡಿ, ಪೊಲೀಸರ ಜೊತೆ ಠಾಣೆಗೆ ಹೋಗಬೇಕಾಯ್ತು. ಜೆಫ್ ಏನು ಬಿಟ್ಟುಕೊಟ್ಟ? ಪ್ರೀತಿ ಅಂತ ಸಾಬೀತು ಮಾಡೋ ಕೆಲಸ ಪೂರ್ತಿ ಅವಳ ಮೇಲೇ ಬಿತ್ತು. ಅವಳು ‘ಗಂಡಸಿನ ಹಾಗೆ’ ಧೈರ್ಯ ತೋರಿಸಿದ ಮೇಲೆ ಅವನಿಗೆ ಇಷ್ಟವಾದಳು. ಮೊದಲು ಅವಳು ಮಾಡುತ್ತಿದ್ದ ಕೆಲಸಕ್ಕೆ ಬೆಲೆ ಇರಲಿಲ್ಲವಾ? ಅವಳು ಸುಮ್ನೆ ಬಟ್ಟೆ ಹಾಕಿಕೊಂಡು ತಿರುಗೋಳಲ್ಲ. ಫ್ಯಾಷನ್ ಅವಳ ವೃತ್ತಿ. ಬೆಳಗಿಂದ ಮೀಟಿಂಗ್ ಮುಗಿಸಿ ಬರ್ತಾಳೆ, ಇಡೀ ದಿನದ ವಿಷಯ ಹೇಳ್ತಾಳೆ. ಅವನು ಕಿಟಕಿ ಕಡೆ ನೋಡ್ತಿರ್ತಾನೆ. ಬೆಂಗಳೂರಲ್ಲಿ ಇದನ್ನು ನಾನು ದಿನಾ ನೋಡ್ತೀನಿ.

ಸಾಗರದ ಮೇಷ್ಟ್ರು

ಮಗಳೇ, ನಿನ್ನ ಮಾತು ನ್ಯಾಯವಾದದ್ದು. ಆದರೂ ಒಂದು ಸೇರಿಸುತ್ತೇನೆ. ಕೊಲೆ ಬಿಡಿಸಿದ್ದು ಅವಳ ಧೈರ್ಯಕ್ಕಿಂತ ಮೊದಲು ಅವಳ ತಿಳಿವಳಿಕೆ. ಥಾರ್ವಾಲ್ಡ್ ಹೆಂಡತಿ ಊರಿಗೆ ಹೋಗಿದ್ದಾಳೆ ಅಂತ ಪತ್ತೇದಾರ ಡಾಯ್ಲ್ ನಂಬಿದ್ದಾನೆ. ಲೀಸಾ ಒಂದೇ ಪ್ರಶ್ನೆ ಕೇಳುತ್ತಾಳೆ: ಊರಿಗೆ ಹೋಗುವ ಹೆಂಗಸು ತನ್ನ ಇಷ್ಟದ ಕೈಚೀಲ ಬಿಟ್ಟು ಹೋಗ್ತಾಳಾ? ಒಡವೆಯನ್ನೆಲ್ಲ ಒಟ್ಟಿಗೆ ಚೀಲಕ್ಕೆ ತುರುಕುತ್ತಾಳಾ? ಮದುವೆ ಉಂಗುರ ತೆಗೆದಿಟ್ಟು ಹೋಗ್ತಾಳಾ? ಡಾಯ್ಲ್ ಅದನ್ನು ಹೆಂಗಸರ ಊಹೆ ಅಂತ ತಳ್ಳಿಹಾಕುತ್ತಾನೆ. ಕೇಸು ನಿಂತದ್ದು ಅದರ ಮೇಲೇ.

ಕುಣಿಯುವ ಹುಡುಗಿಯ ವಿಷಯವೂ ಹಾಗೇ. ಗಂಡಸರಿಂದ ಸುತ್ತುವರಿದ ಅವಳನ್ನು ಜೆಫ್ ಮಜಾ ಮಾಡುವ ರಾಣಿ ಅಂದುಕೊಂಡಿದ್ದಾನೆ. ಅವರಲ್ಲಿ ಒಬ್ಬನ ಮೇಲೂ ಅವಳಿಗೆ ಪ್ರೀತಿ ಇಲ್ಲ ಅಂತ ಲೀಸಾ ದೂರದಿಂದಲೇ ಹೇಳುತ್ತಾಳೆ. ಕೊನೆಯಲ್ಲಿ ಯಾರು ಬರುತ್ತಾನೆ? ಮಿಲಿಟರಿ ಬಟ್ಟೆಯ ಒಬ್ಬ ಕುಳ್ಳ. ಬಂದವನೇ ಫ್ರಿಜ್ ಕಡೆ ಓಡುತ್ತಾನೆ, ಅವಳ ಮುಖ ಅರಳುತ್ತದೆ. ಜೆಫ್ ಆರು ವಾರ ನೋಡಿ ತಪ್ಪು ಓದಿದ. ಲೀಸಾ ಒಂದು ನೋಟದಲ್ಲಿ ಸರಿ ಓದಿದಳು.

ಇನ್ನೊಂದು ನೆನಪು. 1970ರ ದಶಕದಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ ನಮ್ಮಂಥ ಹಳ್ಳಿಯವರಿಗೆ ಲೋಕದ ಸಿನಿಮಾ ತೋರಿಸಿದರು. ಅಡಿಕೆ ಸುಲಿದು ಕೈ ಕಪ್ಪಾದವರು ಬಂದು ಕೂತು ಜಪಾನಿನ ಸಿನಿಮಾ ನೋಡಿ ಮನೆ ದಾರಿಯಲ್ಲಿ ಸೂಡಿ ಹಿಡಿದು ವಾದ ಮಾಡುತ್ತಿದ್ದೆವು. ಆ ಕಾಲಕ್ಕೆ ‘ರಿಯರ್ ವಿಂಡೋ’ ಎಲ್ಲೂ ಸಿಗುತ್ತಿರಲಿಲ್ಲ. ಹಿಚ್‌ಕಾಕ್ ತಮ್ಮ ಐದು ಸಿನಿಮಾಗಳ ಹಕ್ಕು ತಮ್ಮಲ್ಲೇ ಇಟ್ಟುಕೊಂಡಿದ್ದರು. ಅವರು 1980ರಲ್ಲಿ ತೀರಿಕೊಂಡ ಮೇಲಷ್ಟೇ ಅವು ಮತ್ತೆ ತೆರೆಗೆ ಬಂದವು. ಹೆಸರು ಕೇಳಿ, ಕಥೆ ಕೇಳಿ, ಸಿನಿಮಾ ನೋಡಲು ನಾನು ಎಷ್ಟೋ ವರ್ಷ ಕಾದೆ. ಇವತ್ತು ಹತ್ತು ಜನ ಅದರ ಬಗ್ಗೆ ಇಷ್ಟು ಮನಸ್ಸಿಟ್ಟು ಮಾತಾಡುವುದನ್ನು ಕಂಡರೆ ಆ ಸೂಡಿ ಬೆಳಕು ನೆನಪಾಗುತ್ತದೆ.

ಕೆಂಪಡಿಕೆ

ಮೇಷ್ಟ್ರೇ, ಸೂಡಿ ಮಾತು ಕೇಳಿ ಖುಷಿಯಾಯ್ತು. ನಮ್ಮಜ್ಜ ಯಕ್ಷಗಾನಕ್ಕೆ ಹಾಗೇ ಹೋಗ್ತಿದ್ದರಂತೆ.

ಉಂಗುರದ ವಿಷಯ ಬಂತಲ್ಲ, ಅದೊಂದು ಸೀನ್‌ಗೆ ನಾನೂ ಸೋತೆ. ಪೊಲೀಸರು ಬಂದಿದ್ದಾರೆ. ಲೀಸಾ ಈ ಕಡೆಗೆ ಬೆನ್ನು ಹಾಕಿ ನಿಂತಿದ್ದಾಳೆ. ಕೈ ಎರಡೂ ಹಿಂದೆ. ಒಂದು ಕೈಯ ಬೆರಳಲ್ಲಿ ಥಾರ್ವಾಲ್ಡ್ ಹೆಂಡತಿಯ ಉಂಗುರ ಹಾಕಿಕೊಂಡು ಇನ್ನೊಂದು ಕೈಯಿಂದ ಅದನ್ನು ಮುಟ್ಟಿ ಮುಟ್ಟಿ ಜೆಫ್‌ಗೆ ತೋರಿಸ್ತಾಳೆ. ಥಾರ್ವಾಲ್ಡ್ ಕಣ್ಣು ಮೊದಲು ಆ ಬೆರಳಿನ ಮೇಲೆ ಬೀಳುತ್ತೆ. ಆಮೇಲೆ ನಿಧಾನಕ್ಕೆ ತಲೆ ಎತ್ತಿ ಸೀದಾ ನಮ್ಮನ್ನೇ ನೋಡ್ತಾನೆ. ನಾನು ಒಬ್ಬನೇ ನೋಡ್ತಿದ್ದೆ, ಹೊರಗೆ ಮಳೆ. ಎದ್ದು ಹೋಗಿ ಚಿಲಕ ಹಾಕಿ ಬಂದೆ.

ಹೊಸನಗರದ ಸೊಸೆ

ನೋಡಿದ್ರಾ ತಮ್ಮ, ನೀವೇ ಹೇಳಿಬಿಟ್ರಿ! ಪ್ರೀತಿ ತೆಗೆದು ಹಾಕಿ ಅಂದವರು ನೀವು. ಈಗ ನಿಮ್ಮನ್ನು ಚಿಲಕ ಹಾಕಿಸಿದ ಸೀನಿನಲ್ಲಿ ಏನಿದೆ? ಮದುವೆ ಉಂಗುರ. ಕೊಲೆಗೆ ಸಾಕ್ಷಿ ಅದೇ, ಅವಳು ಇಷ್ಟು ದಿನ ಕೇಳುತ್ತಿದ್ದದ್ದೂ ಅದೇ. ಪೊಲೀಸರೆದುರು ನಿಂತು, ಪ್ರಾಣ ಕೈಯಲ್ಲಿ ಹಿಡಿದು, ಬೆರಳಲ್ಲಿ ಉಂಗುರ ಹಾಕಿಕೊಂಡು ಅವನಿಗೆ ತೋರಿಸುತ್ತಿದ್ದಾಳೆ. ಎರಡು ಕಥೆಯೂ ಆ ಒಂದು ಬೆರಳಿನ ಮೇಲೆ ಬಂದು ನಿಂತಿವೆ. ಪ್ರೀತಿಯನ್ನು ಯಾವ ಜಾಗದಲ್ಲಿ ಕತ್ತರಿಸುತ್ತೀರಿ ಹೇಳಿ?

ತೋಟದಮನೆ

ಇದಕ್ಕಿಂತ ಚೆನ್ನಾಗಿ ಹೇಳೋಕೆ ನನ್ನಿಂದ ಆಗ್ತಿರಲಿಲ್ಲ ಅಕ್ಕ.

ನಾನು ಒಂದು ಮಾತು ಸೇರಿಸುತ್ತೇನೆ. ಕುಪ್ಪಳಿ ದಾರಿಯವರು ಜೆಫ್ ಏನು ಬಿಟ್ಟುಕೊಟ್ಟ ಅಂತ ಕೇಳಿದ್ದರು. ಈ ಪ್ಲಾಸ್ಟರಿನಲ್ಲಿ ಕೂತು ನನಗೆ ಅರ್ಥವಾದದ್ದು ಇಷ್ಟು. ಥಾರ್ವಾಲ್ಡ್ ಲೀಸಾ ಮೇಲೆ ಕೈ ಮಾಡಿದಾಗ ಜೆಫ್ ಕುರ್ಚಿಯಲ್ಲೇ ಒದ್ದಾಡುತ್ತಾನೆ. ನೋಡಬಹುದು, ಏನೂ ಮಾಡೋಕಾಗಲ್ಲ. ಮುಖ ತಿರುಗಿಸ್ತಾನೆ, ಮತ್ತೆ ನೋಡ್ತಾನೆ. ಅಲ್ಲಿಯವರೆಗೆ ನೋಡೋದೇ ಅವನ ಶಕ್ತಿಯಾಗಿತ್ತು. ಅಲ್ಲಿ ಅದೇ ಶಿಕ್ಷೆ ಆಗುತ್ತೆ.

ಔಷಧಿ ಹೊಡೆಸಿದ ದಿನ ನಾನು ಈ ಕಿಟಕಿಯಲ್ಲೇ ಕೂತಿದ್ದೆ. ಹೆಂಡತಿ ಕಂಬಳಿ ಕೊಪ್ಪೆ ಹಾಕಿಕೊಂಡು ಆಳುಗಳ ಜೊತೆ ತೋಟದಲ್ಲಿದ್ದಳು. ಸುಣ್ಣ, ಮೈಲುತುತ್ತ ಅಳತೆ ಮಾಡಿ ಕಲಸಿ ಕೊಡುತ್ತಿದ್ದಳು. ಮಧ್ಯೆ ಮಳೆ ಜೋರಾಯ್ತು, ಮರ ಹತ್ತಿದ್ದವರನ್ನು ಕೂಗಿ ಇಳಿಸಿದಳು. 24 ವರ್ಷ ಜೊತೆಗಿದ್ದೇವೆ, ಅವಳಿಗೆ ಇಷ್ಟೆಲ್ಲ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನೋದಕ್ಕಿಂತ ನಾನು ನೋಡಿರಲಿಲ್ಲ.

ಜೆಫ್ ಕಿಟಕಿಯಿಂದ ಕೆಳಗೆ ಬಿದ್ದು ಇನ್ನೊಂದು ಕಾಲೂ ಮುರಿದುಕೊಂಡು ಅವಳ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಾಗ ಆಡುವ ಮೊದಲ ಮಾತು ಕೊಲೆ ಬಗ್ಗೆ ಅಲ್ಲ. ಅವಳಿಗೆ ಏನಾದರೂ ಆಗಿಬಿಟ್ಟಿದ್ದರೆ ಅನ್ನೋ ಭಯ, ಅವಳ ಬಗ್ಗೆ ಹೆಮ್ಮೆ. ನನ್ನ ಪ್ರಶ್ನೆಗೆ ನನಗೆ ಅಲ್ಲಿ ಉತ್ತರ ಸಿಕ್ಕಿತು.

ಆಗುಂಬೆ ಮಂಜು

ಕಣ್ಣಲ್ಲಿ ನೀರು ತರಿಸಿದ್ರಿ ಮಾರಾಯ್ರೆ.

ಕುಪ್ಪಳಿ ದಾರಿ

ತೋಟದಮನೆ ಅಂಕಲ್, ನಿಮ್ಮ ಮಾತು ಒಪ್ಪುತ್ತೇನೆ. ಜೆಫ್ ವಿಷಯದಲ್ಲಿ ನನ್ನ ಅನುಮಾನ ಪೂರ್ತಿ ಹೋಗಿಲ್ಲ.

ಕೊನೆಯ ಶಾಟ್ ಬಗ್ಗೆ ಯಾರೂ ಮಾತಾಡಿಲ್ಲ. ಸೆಖೆ ಕಡಿಮೆಯಾಗಿದೆ. ಮೊದಲಲ್ಲಿ 94 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಈಗ 70ರ ಹತ್ತಿರ ಇಳಿದಿದೆ. ಜೆಫ್ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಗುತ್ತಾ ನಿದ್ದೆ ಮಾಡ್ತಿದ್ದಾನೆ. ಲೀಸಾ ಪಕ್ಕದಲ್ಲಿ ಪ್ಯಾಂಟ್ ಹಾಕಿಕೊಂಡು ಒರಗಿದ್ದಾಳೆ, ಕೈಯಲ್ಲಿ ಹಿಮಾಲಯದ ಬಗ್ಗೆ ಒಂದು ಪುಸ್ತಕ. ಸರಿ, ಇವಳೇ ಬದಲಾದಳು ಅನ್ನಿಸುತ್ತೆ. ಅವನಿಗೆ ನಿದ್ದೆ ಬಂದಿದೆ ಅಂತ ನೋಡಿಕೊಂಡು ಪುಸ್ತಕ ಕೆಳಗಿಟ್ಟು ತನ್ನ ಫ್ಯಾಷನ್ ಪತ್ರಿಕೆ ಎತ್ತಿಕೊಳ್ತಾಳೆ. ಮುಖದಲ್ಲಿ ಸಣ್ಣ ನಗು.

ಎಲ್ಲರೂ ಇದನ್ನು ತಮಾಷೆ ಅಂತ ನೋಡ್ತಾರೆ. ನನಗೆ ಅದು ತುಂಬಾ ಮುಖ್ಯ. ಅವಳು ತನ್ನದನ್ನು ಬಿಟ್ಟಿಲ್ಲ. ಆದರೆ ಅವನು ಎಚ್ಚರ ಇರುವಾಗ ಅದನ್ನು ಓದೋಕೆ ಅವಳಿಗೆ ಯಾವಾಗ ಆಗುತ್ತೆ? ಅದಕ್ಕೇ ಅನುಮಾನ ಹೋಗಿಲ್ಲ ಅಂದೆ.

ಹೊಸನಗರದ ಸೊಸೆ

ಪುಟ್ಟಿ, ಒಳ್ಳೇ ಪ್ರಶ್ನೆ. ನನಗೆ ಒಂಬತ್ತು ವರ್ಷ ಬೇಕಾಯ್ತು. ಮೊದಮೊದಲು ಎಲ್ಲರೂ ಮಲಗಿದ ಮೇಲೆ ಅಡಿಗೆಮನೆ ದೀಪದಲ್ಲಿ ಕಾದಂಬರಿ ಓದುತ್ತಿದ್ದೆ. ಒಂದು ದಿನ ಮಾವನವರು ನೀರು ಕುಡಿಯಲು ಬಂದವರು ನೋಡಿದರು. ಏನೂ ಅನ್ನಲಿಲ್ಲ. ಮುಂದಿನ ವಾರ ಪೇಟೆಗೆ ಹೋದವರು ಟೇಬಲ್ ಲ್ಯಾಂಪ್ ತಂದು ಜಗಲಿಯಲ್ಲಿ ಇಟ್ಟರು. ನನ್ನ ಕೈಲಿ ಆಗಲ್ಲ ಅಂದಿದ್ದ ಅದೇ ಮಾವ. ಈಗ ಅವರಿಲ್ಲ, ಲ್ಯಾಂಪ್ ಇದೆ.

ಕ್ಯಾಮೆರಾ ಕಣ್ಣು

ಅದೇ ಕೊನೆಯ ಸುತ್ತಿನಲ್ಲಿ ಹೊಸ ಮದುಮಕ್ಕಳ ಪರದೆ ತೆಗೆದಿದೆ, ಇಬ್ಬರೂ ಜಗಳ ಆಡ್ತಿದ್ದಾರೆ. ಮಿಸ್ ಲೋನ್ಲಿಹಾರ್ಟ್ ಹಾಡು ಕಟ್ಟುವವನ ಮನೆಯಲ್ಲಿ ಕೂತು ಅವನ ಹಾಡು ಕೇಳ್ತಿದ್ದಾಳೆ. ಪ್ರಾಣ ಕಳಕೊಳ್ಳಲು ಹೊರಟವಳನ್ನು ಆ ಹಾಡೇ ನಿಲ್ಲಿಸಿತ್ತು. ಆ ಹಾಡಿನ ಹೆಸರು ಲೀಸಾ! ಯಾವ ಮನೆಯೂ ಮೊದಲು ಇದ್ದ ಹಾಗಿಲ್ಲ. ನಾನು ಇದನ್ನು ನಾಳೆ ಮನೆಯಲ್ಲಿ ಎಲ್ಲರ ಜೊತೆ ಕೂತು ಮತ್ತೆ ನೋಡ್ತೀನಿ.

ಕೆಂಪಡಿಕೆ

ನಿನ್ನೆ ರಾತ್ರಿ ಆ ಮೊದಲ ಅರ್ಧ ಗಂಟೆ ಓಡಿಸದೆ ನೋಡಿದೆ. ಲೀಸಾ ಬರುವ ಮೊದಲ ಸೀನ್. ಮಲಗಿದ್ದ ಜೆಫ್ ಮುಖದ ಮೇಲೆ ಅವಳ ನೆರಳು ಬೀಳುತ್ತೆ. ಆಮೇಲೆ ಒಂದೊಂದೇ ದೀಪ ಹಚ್ಚುತ್ತಾ ತನ್ನ ಹೆಸರು ಹೇಳ್ತಾಳೆ. ಲೀಸಾ, ಒಂದು ದೀಪ. ಕ್ಯಾರಲ್, ಇನ್ನೊಂದು ದೀಪ. ಫ್ರೀಮಾಂಟ್, ಮೂರನೇ ದೀಪ. ಕತ್ತಲ ಕೋಣೆ ಬೆಳಗಿಬಿಡುತ್ತೆ. ಇದನ್ನು ನಾನು ಹೇಗೆ ಓಡಿಸಿದೆ ಅಂತ ಬೇಜಾರಾಯ್ತು.

ಆಮೇಲೆ ಜಗಳದ ಸೀನ್ ಬಂತು. ಅದನ್ನು ಎರಡು ಸಲ ನೋಡಿದೆ. ಯಾಕೆ ಓಡಿಸಿದ್ದೆ ಅಂತ ಗೊತ್ತಾಯ್ತು. ಇಲ್ಲಿ ಹೇಳಬಹುದು ಅನಿಸುತ್ತೆ. ನನಗೆ 36. ನಾಲ್ಕು ಎಕರೆ ತೋಟ, ಅಮ್ಮ, ನಾನು. ನಮ್ಮ ಕಡೆ ಹಳ್ಳಿ ಮನೆಗೆ ಹೆಣ್ಣು ಸಿಗೋದು ಎಷ್ಟು ಕಷ್ಟ ಅಂತ ನಿಮಗೆಲ್ಲ ಗೊತ್ತು. ಐದಾರು ಕಡೆ ಹೋಗಿ ಬಂದಿದ್ದೀನಿ. ಎಲ್ಲಾ ಕಡೆಯೂ ಹುಡುಗಿ ಜೊತೆ ಮಾತಾಡೋಕೆ ಹತ್ತು ನಿಮಿಷ ಕೊಡ್ತಾರೆ. ನಾನು ಪ್ರತಿ ಸಲ ಮೊದಲು ಹೇಳೋ ಮಾತು ಒಂದೇ. ನಮ್ಮದು ಒಂಟಿ ಮನೆ, ಮಳೆಗಾಲದಲ್ಲಿ ಕರೆಂಟ್ ಇರಲ್ಲ, ಜಿಗಣೆ ಜಾಸ್ತಿ, ನಿಮಗೆ ಆಗಲ್ಲ. ಅವರು ಬೇಡ ಅನ್ನೋದಕ್ಕಿಂತ ಮೊದಲು ನಾನೇ ಹೇಳಿಬಿಡ್ತೀನಿ. ಇದು ಪ್ರಾಮಾಣಿಕತೆ ಅಂದುಕೊಂಡಿದ್ದೆ. ಹೊಸನಗರದ ಅಕ್ಕ ಬರೆದದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ.

ಬರೋ ಭಾನುವಾರ ಕೊಪ್ಪದ ಕಡೆ ಒಂದು ಮನೆಗೆ ಹೋಗೋದಿದೆ.

ಹೊಸನಗರದ ಸೊಸೆ

ತಮ್ಮ, ಮನಸ್ಸು ಬಿಚ್ಚಿ ಹೇಳಿದ್ದಕ್ಕೆ ತುಂಬಾ ಸಂತೋಷ. ಜಿಗಣೆ, ಕರೆಂಟು ಎಲ್ಲ ಹೇಳಿ, ಮುಚ್ಚಿಡಬೇಡಿ. ‘ನಿಮಗೆ ಆಗಲ್ಲ’ ಅನ್ನೋದೊಂದು ಬಿಡಿ. ಅದರ ಜಾಗದಲ್ಲಿ ಅವಳು ಏನು ಓದ್ತಾಳೆ, ಏನು ಕೆಲಸ ಅವಳಿಗೆ ಇಷ್ಟ ಅಂತ ಕೇಳಿ. ಕೇಳಿ ಸುಮ್ಮನೆ ಕೂತ್ಕೊಳ್ಳಿ. ಮೊಬೈಲ್ ಜೇಬಿನಲ್ಲಿರಲಿ.

ತೋಟದಮನೆ

ಕೆಂಪಡಿಕೆ, ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬನ್ನಿ. ಜಗಲಿಯಲ್ಲೇ ಇರ್ತೀನಿ, ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ಮೂರು ವಾರ ಇದೆ. ಹೆಂಡತಿ ಹಲಸಿನ ಹಪ್ಪಳ ಕರೀತೀನಿ ಅಂದಿದ್ದಾಳೆ. ದಬ್ಬೆ ಮೇಲೆ ಮರಳು ಹಾಕಿಸಿದ್ದೇವೆ.